ಬಟ್ಟೆ ಡ್ರೈಯರ್ ಅತಿಯಾಗಿ ಬಿಸಿಯಾಗುತ್ತಿದೆಯೇ? ಮೊದಲು ಗಾಳಿಯ ದಾರಿ ನೋಡಿ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಹೆಮ್ಮಾಡಿ-ಕೊಲ್ಲೂರು ರಸ್ತೆಯಲ್ಲಿರುವ ವಂಡ್ಸೆಯ ಗೃಹಿಣಿಯರಿಗೆ ಬಟ್ಟೆ ಒಣಗಿಸುವುದೇ ದೊಡ್ಡ ಚಿಂತೆ. ಹಿಂದೆ ಬಚ್ಚಲುಮನೆಯ ಹಂಡೆಯೊಲೆಯ ಮೇಲೆ ಹಗ್ಗ ಕಟ್ಟಿ ಆಸಾಡಿಯ ಮಳೆಯನ್ನು ದಾಟಿಸುವ ರೂಢಿಯಿತ್ತು. ಬಟ್ಟೆಗೆ ಹೊಗೆಯ ವಾಸನೆ ಹತ್ತುತ್ತಿತ್ತೆಂಬುದು ಬೇರೆ ಮಾತು. ಒಲೆಯ ಜಾಗಕ್ಕೆ ಗೀಸರ್ ಬಂದ ಮೇಲೆ ಕೆಲವು ಮನೆಗಳಿಗೆ ವಿದ್ಯುತ್ ಡ್ರೈಯರ್ ಕೂಡ ಬಂದಿದೆ. ಜೊತೆಗೆ ಹೊಸ ದೂರುಗಳೂ ಬಂದಿವೆ: ಯಂತ್ರ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ನಡುವೆಯೇ ನಿಂತುಬಿಡುತ್ತದೆ.

ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಎರಡನೇ ತೊಟ್ಟಿಯನ್ನೂ ನಮ್ಮಲ್ಲಿ ಡ್ರೈಯರ್ ಎಂದೇ ಕರೆಯುತ್ತಾರೆ. ಅದು ಬಟ್ಟೆಯನ್ನು ತಿರುಗಿಸಿ ನೀರು ಹಿಂಡುತ್ತದೆಯೇ ಹೊರತು ಅದರಲ್ಲಿ ಹೀಟರ್ ಇರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬಿಸಿಗಾಳಿಯಿಂದ ಒಣಗಿಸುವ ಯಂತ್ರದ ಸಂಗತಿ.

ಈ ಯಂತ್ರದ ಫ್ಯಾನು ಗಾಳಿಯನ್ನು ಹೀಟರಿನ ಮೇಲಿಂದ ಎಳೆದು, ತಿರುಗುವ ಡ್ರಮ್ಮಿನೊಳಗೆ ಹಾಯಿಸಿ, ತೇವದೊಂದಿಗೆ ಪೈಪಿನ ಮೂಲಕ ಹೊರಗೆ ದೂಡುತ್ತದೆ. ಶಾಖ ಹೊರಹೋಗುವುದೂ ಆ ಗಾಳಿಯೊಡನೆಯೇ. ಗಾಳಿಯ ಓಟ ಕುಂಠಿತವಾದರೆ ಹೀಟರ್ ಸರಿಯಾಗಿದ್ದರೂ ಶಾಖ ಒಳಗೇ ಕೂಡಿಕೊಳ್ಳುತ್ತದೆ. ಆದ್ದರಿಂದ ಹೀಟರನ್ನು ದೂರುವ ಮೊದಲು ಗಾಳಿಯ ದಾರಿಯನ್ನು ಪರಿಶೀಲಿಸುವುದು ಜಾಣತನ.

ಪ್ಲಗ್ ಕಿತ್ತು, ಯಂತ್ರ ಆರಿದ ಮೇಲೆಯೇ ಕೈಹಾಕಬೇಕು. ಮೊದಲ ಅನುಮಾನ ಫಿಲ್ಟರಿನ ಮೇಲೆ. ಬಟ್ಟೆಯಿಂದ ಉದುರುವ ನೂಲಿನ ಧೂಳನ್ನು ಪ್ರತಿ ಸರದಿಯ ನಂತರವೂ ತೆಗೆಯುವುದು ಅವಶ್ಯ. ಕಣ್ಣಿಗೆ ಸ್ವಚ್ಛವಾಗಿ ಕಂಡರೂ ನಂಬುವಂತಿಲ್ಲ. ಬಟ್ಟೆ ಮೃದುಗೊಳಿಸುವ ದ್ರಾವಣದ ತೆಳು ಪೊರೆ ಜಾಲರಿಯ ಮೇಲೆ ಕೂರುವುದುಂಟು. ಜಾಲರಿಗೆ ನೀರು ಹೊಯ್ದಾಗ ಇಳಿಯದೆ ನಿಂತರೆ ಸಾಬೂನು ಹಾಗೂ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒಣಗಿಸಿ ಹಾಕಬೇಕು.

ನಂತರದ್ದು ಹೊರಗಾಳಿಯ ಪೈಪು. ಯಂತ್ರವನ್ನು ಗೋಡೆಗೆ ಒತ್ತಿಟ್ಟಾಗ ಅದು ಮಡಚಿಕೊಳ್ಳುತ್ತದೆ. ತೇವದ ಗಾಳಿಯಲ್ಲಿ ಧೂಳು ಪೈಪಿನ ಒಳಮೈಗೆ ಮೆತ್ತಿಕೊಳ್ಳುತ್ತದೆ. ಕರಾವಳಿಯಲ್ಲಿ ಇನ್ನೊಂದು ತೊಡಕಿದೆ: ಬೇಸಿಗೆಯಿಡೀ ಯಂತ್ರ ಸುಮ್ಮನಿದ್ದಾಗ ಪೈಪಿನ ಹೊರಬಾಯಿಯಲ್ಲಿ ಮಣ್ಣಿನ ಗೂಡು ಕಟ್ಟಲು ಕಣಜಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಯಂತ್ರ ನಡೆಯುವಾಗ ಹೊರಬಾಯಿಗೆ ಕೈಯೊಡ್ಡಿದರೆ ಗಾಳಿ ರಭಸವಾಗಿ ತಾಗಬೇಕು. ಪೈಪಿಲ್ಲದ ಕಂಡೆನ್ಸರ್ ಮಾದರಿಗಳಲ್ಲಿ ಕಂಡೆನ್ಸರನ್ನು ಕೈಪಿಡಿಯಲ್ಲಿ ಹೇಳಿರುವಂತೆ ಶುಚಿಗೊಳಿಸಬೇಕು.

ಇದು ಸಣ್ಣ ಸಂಗತಿಯಲ್ಲ. 2008ರಿಂದ 2010ರ ಅವಧಿಯ ಅಂಕಿಅಂಶಗಳನ್ನು ಆಧರಿಸಿ ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆ ಸಿದ್ಧಪಡಿಸಿದ ವರದಿಯಂತೆ, ಆ ದೇಶದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅವಘಡಗಳು ಸಂಭವಿಸಿದ್ದವು. ಶೇ 34ರಷ್ಟು ಪ್ರಕರಣಗಳಲ್ಲಿ ಶುಚಿಗೊಳಿಸದಿದ್ದುದೇ ಕಾರಣವಾಗಿತ್ತು.

ಗಾಳಿಯ ದಾರಿ ಸರಿಯಿದ್ದೂ ಬಿಸಿ ತಗ್ಗದಿದ್ದರೆ ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿರಬಹುದು. ಮಿತಿ ಮೀರಿದಾಗ ವಿದ್ಯುತ್ ಕಡಿಯುವ ಥರ್ಮಲ್ ಫ್ಯೂಸ್ ಕೂಡ ಒಳಗಿರುತ್ತದೆ. ಅದು ಒಮ್ಮೆ ಹೋದರೆ ಬದಲಿಸಲೇಬೇಕು. ಇಂತಹ ಸಂದರ್ಭದಲ್ಲಿ ತಂತಿ ಜೋಡಿಸಿ ‘ಡೈರೆಕ್ಟ್’ ಮಾಡಿಕೊಡುವವರಿದ್ದಾರೆ. ಯಂತ್ರವೇನೋ ಓಡುತ್ತದೆ, ಆದರೆ ಮರದ ಅಟ್ಟ, ಹೆಂಚಿನ ಮಾಡು, ಮೂಲೆಯಲ್ಲಿ ತೆಂಗಿನ ಸಿಪ್ಪೆಯ ರಾಶಿ ಇರುವ ಮನೆಯಲ್ಲಿ ಬೆಂಕಿಗೂ ಮನೆಮಂದಿಗೂ ನಡುವೆ ಉಳಿದಿದ್ದ ಕೊನೆಯ ತಡೆಯನ್ನು ಕಿತ್ತಂತಾಗುತ್ತದೆ. ಅಲ್ಲದೆ ಹೊಸ ಫ್ಯೂಸ್ ಹಾಕಿದರಷ್ಟೇ ಸಾಲದು. ಹಳೆಯದು ಹೋದದ್ದೇಕೆಂದು ಹುಡುಕದಿದ್ದರೆ ಅದೂ ಹೋದೀತು. ಈ ಭಾಗಗಳ ತಪಾಸಣೆ ಬಲ್ಲ ಮೆಕ್ಯಾನಿಕ್‌ನ ಕೆಲಸ.

ಬಿಸಿಯಾಗುತ್ತಿರುವುದು ಯಂತ್ರವೋ ಪ್ಲಗ್ಗೋ ಎಂಬುದನ್ನೂ ಗಮನಿಸಬೇಕು. 2,300 ವ್ಯಾಟ್ ಯಂತ್ರ 230 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿಗೆ ಅಥವಾ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಸಾಕೆಟ್ಟೇ ಕರಗೀತು. ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟೇ ಬೇಕು. ಎಣ್ಣೆ ಹತ್ತಿದ ಅಡುಗೆಮನೆ ಬಟ್ಟೆ, ತಲೆಗೆಣ್ಣೆಯ ಟವೆಲುಗಳನ್ನು ಒಳಗೆ ಹಾಕಲೇಬಾರದು.

ಗಾಳಿಮಳೆಗೆ ಕರೆಂಟು ಹೋಗುವುದು ಈ ಭಾಗದಲ್ಲಿ ವಿಶೇಷವಲ್ಲ. ಒಣಗಿಸುವ ಸರದಿಯ ಕೊನೆಯಲ್ಲಿ ಡ್ರೈಯರ್ ತಣ್ಣನೆಯ ಗಾಳಿಯಿಂದ ಬಟ್ಟೆಯನ್ನು ಆರಿಸುತ್ತದೆ. ನಡುವೆಯೇ ಕರೆಂಟು ಹೋದರೆ ಫ್ಯಾನು ನಿಂತು, ಕಾದ ಬಟ್ಟೆ ಕಾದ ಹೀಟರಿನ ಪಕ್ಕದಲ್ಲೇ ಮುದ್ದೆಯಾಗಿ ಉಳಿಯುತ್ತದೆ. ತಕ್ಷಣ ಸ್ವಿಚ್ ಆರಿಸಿ, ಬಾಗಿಲು ತೆರೆದು, ಬಟ್ಟೆಯನ್ನು ಹೊರತೆಗೆದು ಹರವಬೇಕು. ಕರೆಂಟು ಮರಳಿ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲವೆಂದಾದರೆ ಆ ದಿನ ಯಂತ್ರ ಹಚ್ಚದಿರುವುದೇ ಲೇಸು.