ಕಫದ ಡಬ್ಬಿ ಮತ್ತು ಮುಂದಾಳ್ತನ

ಕ್ಷಯರೋಗದ ತಪಾಸಣೆಯಲ್ಲಿ ಮೊದಲ ತೀರ್ಮಾನ ಲ್ಯಾಬ್ ಟೆಕ್ನಿಷಿಯನ್ನರದು. ಡಬ್ಬಿಯಲ್ಲಿ ಬಂದದ್ದು ಕಫವೋ ಬರೀ ಉಗುಳೋ ಎಂದು ನೋಡಿ ಹೇಳಬೇಕಾದವರು ಅವರು. ಉಗುಳನ್ನೇ ಪರೀಕ್ಷಿಸಿದರೆ ರೋಗವಿದ್ದರೂ ಕಾಣದೇ ಹೋಗಬಹುದು. ಬೀದರ್ ಸೀಮೆಯಲ್ಲಿ ಇಷ್ಟನ್ನು ತಿಳಿಸಿ ಹೇಳುವುದೂ ಒಂದು ವಿದ್ಯೆಯೇ. ಕಮಠಾಣದ ಕನ್ನಡದವರಿಗೆ ಅದು ಕಫ, ನಗರದ ಉರ್ದು ಮನೆಗಳಲ್ಲಿ ಬಲಗಮ್, ಭಾಲ್ಕಿ–ಔರಾದ್ ಕಡೆಯ ಮರಾಠಿಗರಿಗೆ ಬೆಡಕಾ, ತೆಲುಗರಿಗೆ ಗಳ್ಳ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಸಿರೆಳೆದು ಎದೆಯಾಳದಿಂದ ಕೆಮ್ಮಿ ತೆಗೆಯಬೇಕೆಂದು ಆಯಾ ಭಾಷೆಯಲ್ಲೇ, ಮಾಡಿ ತೋರಿಸಿ ಹೇಳಿದರೆ ಮಾತ್ರ ಒಳ್ಳೆಯ ಮಾದರಿ ಸಿಗುತ್ತದೆ.

ಆಮೇಲಿನದು ಕಣ್ಣಿನ ಕೆಲಸ. ಗಾಜಿನ ಮೇಲೆ ಕಫ ಸವರಿ, ಕಾರ್ಬಾಲ್ ಫ್ಯೂಕ್ಸಿನ್ ಹಾಕಿ ಆವಿಯೇಳುವಷ್ಟು ಕಾಯಿಸಿ, ಆಮ್ಲದಿಂದ ತೊಳೆದು, ನೀಲಿ ಬಣ್ಣ ಕೊಟ್ಟರೆ ಕ್ಷಯದ ಕಡ್ಡಿಯಾಕಾರದ ರೋಗಾಣುಗಳು ನೀಲಿಯ ನಡುವೆ ಕೆಂಪಗೆ ಉಳಿಯುತ್ತವೆ. ‘ಇಲ್ಲ’ ಎಂದು ಬರೆಯಬೇಕಾದರೆ ಸೂಕ್ಷ್ಮದರ್ಶಕದಲ್ಲಿ 100 ಕ್ಷೇತ್ರಗಳನ್ನಾದರೂ ನೋಡಬೇಕು. ಇಂಥವರನ್ನು ‘ಅರೆ’ವೈದ್ಯಕೀಯ ಸಿಬ್ಬಂದಿ ಎನ್ನುವುದು ವಿಚಿತ್ರ, ಇದರಲ್ಲಿ ಅರ್ಧ ಯಾವುದು?

ಈ ಕೆಲಸದ ಬೆಲೆ ಕರ್ನಾಟಕದಲ್ಲಿ ಬಹಳ ಹಿಂದೆಯೇ ಗೊತ್ತಾಗಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯಲ್ಲಿ ನಡೆಸಿದ, 1963ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದುದು ಕಂಡುಬಂತು. ಜನ ದವಾಖಾನೆಗೆ ಬಂದಿದ್ದರು. ಕಫ ನೋಡುವ ವ್ಯವಸ್ಥೆ ಇರಲಿಲ್ಲ. ಊರ ಆರೋಗ್ಯ ಕೇಂದ್ರಕ್ಕೆ ಸೂಕ್ಷ್ಮದರ್ಶಕವನ್ನೂ ಅದನ್ನು ಬಳಸಬಲ್ಲವರನ್ನೂ ತಲುಪಿಸುವ ಜಿಲ್ಲಾ ಕ್ಷಯ ಕಾರ್ಯಕ್ರಮ ಅದೇ ಸಂಸ್ಥೆಯ ಚಿಂತನೆಯಿಂದ ರೂಪುಗೊಂಡಿತು.

ಕಾನೂನಿನ ಮನ್ನಣೆ ಮಾತ್ರ ತಡವಾಗಿ ಬಂತು. 2021ರ ರಾಷ್ಟ್ರೀಯ ಕಾಯ್ದೆ ಟೆಕ್ನಿಷಿಯನ್, ಫಿಸಿಯೋಥೆರಪಿಸ್ಟ್, ಆಪ್ಟೋಮೆಟ್ರಿಸ್ಟ್, ಪೌಷ್ಟಿಕತಜ್ಞರು ಸೇರಿದಂತೆ 50ಕ್ಕೂ ಹೆಚ್ಚು ವೃತ್ತಿಗಳನ್ನು 10 ಗುಂಪುಗಳಲ್ಲಿ ತಂದು, ಶಿಕ್ಷಣಕ್ಕೂ ನೋಂದಣಿಗೂ ಚೌಕಟ್ಟು ಹಾಕಿತು. ನೋಂದಣಿಯೊಂದರಿಂದಲೇ ನಾಯಕತ್ವ ಬರುವುದಿಲ್ಲ. ಜಿಲ್ಲಾ ಸಭೆಯಲ್ಲಿ ಅವರಿಗೊಂದು ಕುರ್ಚಿ, ಮಾತಿಗೆ ಅವಕಾಶ ಬೇಕು. ಬಣ್ಣದ ದ್ರಾವಣ ಮುಗಿದದ್ದು, ಉಗುಳಿನ ಮಾದರಿ ಹೆಚ್ಚಿದ್ದು ಮೊದಲು ಗೊತ್ತಾಗುವುದು ಅವರಿಗೇ.

ಸಹಭಾಗಿತ್ವಕ್ಕೆ ಇಲ್ಲಿ ಹಲವು ದಾರಿಗಳಿವೆ. ಖಾಸಗಿ ವೈದ್ಯರು ಕ್ಷಯ ರೋಗಿಗಳ ಮಾಹಿತಿ ಕೊಡುವುದು 2012ರಿಂದ ಕಡ್ಡಾಯ, 2018ರಲ್ಲಿ ಔಷಧ ಅಂಗಡಿಗಳೂ ಆ ವ್ಯಾಪ್ತಿಗೆ ಬಂದವು. ಕೂಲಿಗೆಂದು ಹೈದರಾಬಾದಿಗೋ ಪುಣೆಗೋ ಹೋದ ಔರಾದ್‌ನ ರೋಗಿಯ ಮಾತ್ರೆ ತಪ್ಪದಿರಬೇಕಾದರೆ ಗಡಿಯಾಚೆಯ ಸಿಬ್ಬಂದಿಯ ಜೊತೆ ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ನಿಕ್ಷಯ್‌ನ ದಾಖಲೆಯಷ್ಟೇ ಫೋನ್ ಪರಿಚಯವೂ ಬೇಕು. 2022ರ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಸಂಘ-ಸಂಸ್ಥೆಗಳು ರೋಗಿಗೆ ಆಹಾರದ ಕಿಟ್ ಕೊಡಬಹುದು. ಅದರಲ್ಲಿ ಏನಿರಬೇಕೆಂದು ಹೇಳಬೇಕಾದವರು ಪೌಷ್ಟಿಕತಜ್ಞರು.

ಬೀದರ್‌ಗೇ ವಿಶೇಷವಾದ ಅನುಕೂಲ ಇನ್ನೊಂದಿದೆ. ಒಂದು ಕಡೆ 2007ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಇನ್ನೊಂದು ಕಡೆ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಎರಡೂ ಕೈಜೋಡಿಸಬೇಕಾದ ರೋಗಗಳಿವೆ. ಕಂದು ಹಾಕುವ ರೋಗ, ಅಂದರೆ ಬ್ರುಸೆಲೋಸಿಸ್, ದನದಿಂದ ಮನುಷ್ಯರಿಗೂ ದಾಟುತ್ತದೆ. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವಿನವರ ರಕ್ತ ತೆಗೆಯುವಾಗ ಟೆಕ್ನಿಷಿಯನ್ ‘ಮನೆಯಲ್ಲಿ ಆಕಳು ಕಂದು ಹಾಕಿದೆಯೇ, ಹಸಿ ಹಾಲು ಕುಡಿಯುತ್ತೀರಾ’ ಎಂದು ಕೇಳಿ, ಉತ್ತರವನ್ನು ವೈದ್ಯರಿಗೂ ಪಶುವೈದ್ಯರಿಗೂ ಮುಟ್ಟಿಸಿದರೆ ಮನುಷ್ಯರ ಪರೀಕ್ಷೆಯೂ ಕೊಟ್ಟಿಗೆಯ ಪರೀಕ್ಷೆಯೂ ಒಟ್ಟಿಗೇ ಶುರುವಾಗುತ್ತವೆ.