ಮೋಟಾರಿನ ಮೈಮೇಲಣ ಗೀರುಗಳು

ಮನೆಗೆ ತಂದ ಹೊಸ ವಸ್ತುವಿನ ಮೇಲೆ ನಮಗಿರುವ ಮಮತೆ ಎಷ್ಟೆಂಬುದು, ಅದಕ್ಕೆ ಮೊದಲನೆಯ ಗೀರು ಬಿದ್ದ ದಿನ ಚೆನ್ನಾಗಿ ತಿಳಿಯುತ್ತದೆ. ಹಿತ್ತಾಳೆಯ ಕೊಡ ನೆಗ್ಗಿದರೆ ಒಂದು ಹೊತ್ತು ಬೇಸರಪಟ್ಟು ಮರೆಯುತ್ತೇವೆ. ಆದರೆ ಸಾಲ ಮಾಡಿ ಕೊಂಡ ಮೋಟಾರಿನ ಬಾಗಿಲಲ್ಲಿ ಬೆರಳುದ್ದದ ಗೀರು ಕಂಡರೆ ಯಜಮಾನನಿಗೆ ಆ ದಿನ ಊಟ ರುಚಿಸುವುದಿಲ್ಲ. "ಯಾರು ಮಾಡಿದರು?" ಎಂಬ ಪ್ರಶ್ನೆಯೇ ಮೊದಲು ಹುಟ್ಟುತ್ತದೆ, "ಹೇಗಾಯಿತು?" ಎಂಬುದು ಬಹಳ ತಡವಾಗಿ ಹುಟ್ಟುತ್ತದೆ, ಎಷ್ಟೋ ವೇಳೆ ಹುಟ್ಟುವುದೇ ಇಲ್ಲ. ಈ ಎರಡು ಪ್ರಶ್ನೆಗಳ ಕ್ರಮವನ್ನು ತಪ್ಪಿಸಿದುದರಿಂದ ನಮ್ಮಿಂದಾದ ಒಂದು ಅನ್ಯಾಯವನ್ನೂ, ತರುವಾಯ ನಾವು ಕಲಿತ ಪಾಠವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಮಗನ ಮನೆಗೆ ಬಂದು ನೆಲಸಿದೆವು. ಅವನಲ್ಲಿ ಕಡುನೀಲಿ ಬಣ್ಣದ ಒಂದು ಮೋಟಾರು ಉಂಟು. ಕೈಕಟ್ಟಿ ಕುಳಿತಿರುವುದು ನಮ್ಮ ಸ್ವಭಾವಕ್ಕೆ ಒಗ್ಗದು. ಆದಕಾರಣ, ದಿನವೂ ನಸುಕಿನಲ್ಲಿ ಸ್ನಾನಕ್ಕೆ ಮುಂಚೆ ಆ ಗಾಡಿಯನ್ನು ಒರಸಿಡುವ ಕೆಲಸವನ್ನು ನಾವಾಗಿಯೇ ವಹಿಸಿಕೊಂಡೆವು. ಒರಸುವುದಕ್ಕೆ ನಮ್ಮದೇ ಹಳೆಯ ಮಲ್ಲುಪಂಚೆ. ನೂರಾರು ಸಲ ಒಗೆದು ಬೆಣ್ಣೆಯಂತೆ ಮೆತ್ತಗಾದದ್ದು. ರಾತ್ರಿ ಕುಳಿತ ಧೂಳು ಹೋಗಿ ಗಾಡಿ ಹೊಳೆಯುವುದನ್ನು ಕಂಡು ನಮಗೆ ಏನೋ ಒಂದು ತೃಪ್ತಿ. ಹೀಗೆ ಏಳೆಂಟು ತಿಂಗಳು ಕಳೆದುವು.

ಆಯುಧಪೂಜೆಯ ದಿನ ಗಾಡಿಯನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿ ಕುಂಕುಮ ಹಚ್ಚಲು ಹೋದೆವು. ಬಾನೆಟ್ಟಿನಲ್ಲಿ ಕಾಣುತ್ತಿದ್ದ ಸೂರ್ಯಬಿಂಬದ ಸುತ್ತ, ಜೇಡರಬಲೆಯನ್ನು ಹರಡಿದಂತೆ ಸಾವಿರಾರು ಎಳೆಗೀರುಗಳು! ಹಿಂದಿನ ಬಾಗಿಲಿನಲ್ಲಿ ಗೇಣುದ್ದದ ಒಂದು ಆಳವಾದ ಗೀರೂ ಇದ್ದಿತು. ಎದುರುಮನೆಯ ಕಾವಲುಗಾರನಿಗೆ ಹತ್ತು ವರ್ಷದ ಮಗನಿದ್ದಾನೆ. ಚೆಂಡು ಬಿದ್ದಾಗಲೆಲ್ಲ ಅವನು ನಮ್ಮ ಅಂಗಳಕ್ಕೆ ನುಗ್ಗಿ ಗಾಡಿಯ ಸುತ್ತ ಸುಳಿದಾಡುತ್ತಿದ್ದುದನ್ನು ನಾವು ಕಂಡಿದ್ದೆವು. ನಮಗೆ ಅಷ್ಟೇ ಸಾಕಾಯಿತು. ಹುಡುಗನನ್ನು ಕರೆಸಿ, ಅವನ ತಂದೆಯ ಎದುರಿನಲ್ಲಿಯೇ ಗದರಿಸಿ, ಇನ್ನು ಮೇಲೆ ಗೇಟಿನೊಳಗೆ ಕಾಲಿಡಕೂಡದೆಂದು ವಿಧಿಸಿದೆವು. ಅವನು "ನಾನಲ್ಲ ತಾತ" ಎಂದು ಒಂದೇ ಸಲ ಹೇಳಿ ತಲೆ ತಗ್ಗಿಸಿದನು. ತಂದೆಯು ನಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದನು.

ವಾರದ ಮೇಲೆ ಬಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬನನ್ನು ಮಗನು ಕರೆದುತಂದನು. ಆತನು ಗಾಡಿಯನ್ನು ಒಂದು ಸುತ್ತು ಬಂದು, ಬಗ್ಗಿ ನೋಡಿ, ಹೀಗೆಂದನು: "ಯಜಮಾನ್ರೇ, ಹುಡುಗ ಹತ್ತಿದ್ರೆ ಬಾನೆಟ್ ಮೇಲೆ ಮಾತ್ರ ಇರ್ಬೇಕಿತ್ತು. ಟಾಪಿನ ಮೇಲೂ ಇದೆ, ನಾಲ್ಕು ಬಾಗ್ಲಿಗೂ ಇದೆ. ಇದು ಒಣಬಟ್ಟೆ ಕೆಲ್ಸ. ದಿನಾ ಒರಸೋರು ಯಾರು?" ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ ಅವನು ಗೇಟಿನ ಬಳಿಗೆ ಹೋಗಿ ಚಿಲಕವನ್ನು ಮುಟ್ಟಿ ತೋರಿಸಿದನು. ಬಾಗಿಲಿನ ಗೀರು ಎಷ್ಟು ಎತ್ತರದಲ್ಲಿತ್ತೋ ಚಿಲಕವೂ ಅಷ್ಟೇ ಎತ್ತರದಲ್ಲಿತ್ತು. ಅದರ ತುದಿಯಲ್ಲಿ ನೀಲಿ ಬಣ್ಣ ಅಂಟಿತ್ತು. ಗೇಟು ತೆರೆದಾಗ ಅದನ್ನು ಕೊಂಡಿಗೆ ಸಿಕ್ಕಿಸದೆ ಬಿಡುತ್ತಿದ್ದವರು ನಾವೇ; ಗಾಳಿಗೆ ಅದು ಬೀಸಿ ಬಂದು ಬಾಗಿಲನ್ನು ಗೀಚಿತ್ತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದಕ್ಕೂ ವ್ಯಾಪ್ತಿಜ್ಞಾನ ಬೇಕೆಂದು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದ ನಾವು, ನಮ್ಮ ಅಂಗಳದಲ್ಲಿಯೇ ಹೇತ್ವಾಭಾಸಕ್ಕೆ ಬಲಿಯಾಗಿದ್ದೆವು.

ಮೆತ್ತನೆಯ ಪಂಚೆಯು ಗಟ್ಟಿಯಾದ ಬಣ್ಣವನ್ನು ಗೀಚಿದ್ದು ಹೇಗೆ? ಇದನ್ನರಿಯಬೇಕಾದರೆ ಮೋಟಾರಿನ ಮೈ ಎಂತಹದೆಂಬುದನ್ನು ತಿಳಿಯಬೇಕು. ಸುಶ್ರುತಸಂಹಿತೆಯು ಮನುಷ್ಯನ ಚರ್ಮಕ್ಕೆ ಏಳು ಪದರಗಳನ್ನು ಹೇಳುತ್ತದೆ. ಎಲ್ಲಕ್ಕೂ ಹೊರಗಿನದು ಅವಭಾಸಿನೀ, ಅಂದರೆ ಮೈಯ ಬಣ್ಣವನ್ನು ಬೆಳಗಿ ತೋರಿಸುವಂಥದು. ಈ ಕಾಲದ ಮೋಟಾರಿಗೆ ಸಾಮಾನ್ಯವಾಗಿ ನಾಲ್ಕು ಪದರಗಳು. ಉಕ್ಕಿನ ತಗಡನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಕೂಡಿಸುವ ತುಕ್ಕುನಿವಾರಕ ಲೇಪ ಮೊದಲನೆಯದು. ಮೈಯನ್ನು ನುಣುಪು ಮಾಡುವ ಪ್ರೈಮರು ಎರಡನೆಯದು. ನಿಜವಾದ ಬಣ್ಣ ಮೂರನೆಯದು. ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ತಿಳಿಯಾದ ಮೆರುಗಿನ ಪದರ ನಾಲ್ಕನೆಯದು. ಮೋಟಾರಿನ ಅವಭಾಸಿನಿ ಇದೇ. ಹೊಳಪೆಲ್ಲವೂ ಇದರದು, ಬಿಸಿಲಿನ ತಾಪಕ್ಕೆ ಒಳಗಿನ ಬಣ್ಣ ಮಾಸದಂತೆ ಕಾಯುವುದೂ ಇದೇ.

ಮೋಟಾರುಗಳ ಆರಂಭಕಾಲದಲ್ಲಿ ಕುದುರೆಗಾಡಿಗಳಿಗೆ ಹಚ್ಚುವಂತೆ ಕುಂಚದಿಂದ ಮೆರುಗೆಣ್ಣೆಯನ್ನು ಪದರಪದರವಾಗಿ ಹಚ್ಚಿ ಒಣಗಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಬಳಕೆಗೆ ಬಂದ ಮೇಲೆ ಆ ತಡವು ನೀಗಿತು. ಈಗ ಕಾರ್ಖಾನೆಯಲ್ಲಿ ಸಿಂಪಡಿಸಿ ಕಾಯಿಸುವ ನಾಲ್ಕು ಪದರಗಳೂ ಸೇರಿ ಸುಮಾರು 100ರಿಂದ 150 ಮೈಕ್ರಾನು ದಪ್ಪವಿರುತ್ತವೆ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನು ಎಂದು ಹೆಸರು. ಅಂದರೆ ಎಲ್ಲವೂ ಕೂಡಿದರೂ ಬರೆಯುವ ಕಾಗದದ ಒಂದೆರಡು ಹಾಳೆಗಳನ್ನು ಮೀರದು. ಅದರಲ್ಲಿ ಮೇಲಿನ ಮೆರುಗಿನ ಪಾಲು ಸುಮಾರು 40ರಿಂದ 50 ಮೈಕ್ರಾನು. ತಲೆಗೂದಲೊಂದರ ದಪ್ಪವೂ ಇಲ್ಲ.

ಇನ್ನು ಧೂಳಿನ ವಿಚಾರ. ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಬೆರೆತಿರುತ್ತದೆ. ಖನಿಜಗಳ ಕಾಠಿಣ್ಯವನ್ನು ಅಳೆಯಲು ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಹತ್ತು ಮೆಟ್ಟಿಲುಗಳ ಒಂದು ಕ್ರಮವನ್ನು ಏರ್ಪಡಿಸಿದನು. ಅದರಲ್ಲಿ ಬೆಣಚುಕಲ್ಲಿಗೆ ಏಳನೆಯ ಸ್ಥಾನ; ಚಾಕುವಿನ ಉಕ್ಕು ಸುಮಾರು ಐದೂವರೆ. ಚಾಕುವನ್ನೇ ಗೀಚಬಲ್ಲ ಕಣಕ್ಕೆ ಮೆರುಗಿನ ಪದರ ಯಾವ ಲೆಕ್ಕ? ಒಣಬಟ್ಟೆಯಿಂದ ಒರಸಿದಾಗ ಈ ಕಣಗಳು ಬಟ್ಟೆಯ ನೂಲಿನಲ್ಲಿ ಸಿಕ್ಕಿಕೊಂಡು ನಮ್ಮ ಕೈಯ ಒತ್ತಡದಿಂದಲೇ ಮೈಯನ್ನು ಉಜ್ಜುತ್ತವೆ. ಬಟ್ಟೆಯು ಮೆತ್ತಗಿದ್ದರೇನು, ಗೀಚುವುದು ಧೂಳು. ಈ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆಯಾದರೂ, ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಹೊಳೆದು ಕಣ್ಣಿಗೆ ತೋರುವುದರಿಂದ, ಸೂರ್ಯಬಿಂಬದ ಸುತ್ತ ಬಳೆಬಳೆಯಾಗಿ ಕಾಣುತ್ತವೆ. ನಾವು ನಸುಕಿನಲ್ಲಿ ಒರಸುತ್ತಿದ್ದುದರಿಂದ ಇದೊಂದೂ ನಮಗೆ ಕಾಣದೆ ಹೋಯಿತು.

ಹಾಗಾದರೆ ಗಾಡಿಯನ್ನು ಶುಚಿ ಮಾಡುವ ಬಗೆ ಯಾವುದು? ಮೊದಲು ನೆರಳಿನಲ್ಲಿ ನಿಲ್ಲಿಸತಕ್ಕದ್ದು. ಕಾದ ತಗಡಿನ ಮೇಲೆ ನೀರು ಬೇಗ ಆರಿ, ಅದರಲ್ಲಿಯೂ ಕೊಳವೆಬಾವಿಯ ಗಡಸು ನೀರಾದರೆ, ಬಿಳಿಯ ಕಲೆಗಳನ್ನು ಬಿಡುತ್ತದೆ. ಬಟ್ಟೆಯನ್ನು ಮುಟ್ಟಿಸುವುದಕ್ಕೆ ಮುಂಚೆ ಮೇಲಿನಿಂದ ನೀರು ಸುರಿದು ಧೂಳನ್ನು ಇಳಿಸಬೇಕು. ಆಮೇಲೆ ಎರಡು ಬಕೆಟ್ಟು: ಒಂದರಲ್ಲಿ ಗಾಡಿಗೆಂದೇ ಮಾರುವ ಶ್ಯಾಂಪೂ ಬೆರಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಾಡಿಸಿಕೊಳ್ಳಲು ಬರಿಯ ನೀರು. ಮೈಕ್ರೋಫೈಬರ್ ಎಂಬ ಕುಚ್ಚುಕುಚ್ಚಾದ ಬಟ್ಟೆಯಿಂದ, ಒತ್ತದೆ, ಮೇಲಿನಿಂದ ಕೆಳಕ್ಕೆ ಒರಸಬೇಕು. ಕೆಸರು ಹೆಚ್ಚಾಗಿರುವ ಅಡಿಭಾಗ ಕೊನೆಯದು. ಚಕ್ರಗಳಿಗೆ ಬೇರೆಯೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಚೆನ್ನಾಗಿ ಒಗೆಯದೆ ಮತ್ತೆ ಗಾಡಿಗೆ ಮುಟ್ಟಿಸಬಾರದು. ಕಡೆಗೆ ಇನ್ನೊಂದು ಒಣ ಮೈಕ್ರೋಫೈಬರಿನಿಂದ ನೀರನ್ನು ಒತ್ತಿ ತೆಗೆಯಬೇಕು. ಇಷ್ಟಕ್ಕೆ ಕೊಳಾಯಿಯ ಪೈಪನ್ನು ಬಿಟ್ಟುಕೊಂಡು ನಿಲ್ಲಬೇಕಾಗಿಲ್ಲ. 2024ರ ಮಾರ್ಚಿಯ ನೀರಿನ ಬರದಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡವನ್ನು ವಿಧಿಸಿದ್ದುದನ್ನು ಗೃಹಸ್ಥರು ಮರೆತಿರಲಾರರು. ದಿನವೂ ಒಣದಾಗಿ ಒರಸುವುದಕ್ಕಿಂತ ವಾರಕ್ಕೊಮ್ಮೆ ಸರಿಯಾಗಿ ತೊಳೆಯುವುದು ಮೇಲು. ನಡುವೆ ಧೂಳು ಕುಳಿತರೆ ಕುಳಿತಿರಲಿ. ಸುಮ್ಮನೆ ಕುಳಿತ ಧೂಳು ಯಾರನ್ನೂ ಗೀಚುವುದಿಲ್ಲ.

ಮಾಡಬಾರದವುಗಳೂ ಕೆಲವುಂಟು. ಪಾತ್ರೆ ತಿಕ್ಕುವ ನಾರು, ಬಟ್ಟೆ ಒಗೆಯುವ ಸೋಪಿನ ಪುಡಿ, ಸೀಮೆಯೆಣ್ಣೆ ಇವು ಮೋಟಾರಿನ ಹತ್ತಿರ ಸುಳಿಯಕೂಡದು. ಧೂಳು ತುಂಬಿದ ಗಾಡಿಗೆ ಮುಸುಕು ಹಾಕಿದರೆ, ಗಾಳಿಗೆ ಮುಸುಕು ಅಲುಗಿದಾಗಲೆಲ್ಲ ಗೀರು ಬೀಳುತ್ತದೆ. ತೊಳೆದ ಗಾಡಿಗೆ ಮಾತ್ರ ಮುಸುಕು. ಮರದಡಿಯ ನೆರಳು ಹಿತವೇ, ಆದರೆ ಮೇಲೆ ಕಾಗೆ ಪಾರಿವಾಳಗಳಿರುತ್ತವೆ. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿರುವುದರಿಂದ, ಬಿಸಿಲಿನಲ್ಲಿ ಅದು ಒಣಗಿದರೆ ಮೆರುಗನ್ನು ಕೊರೆದು ಅಳಿಸಲಾಗದ ಕಲೆಯನ್ನು ಬಿಡುತ್ತದೆ. ಅದನ್ನು ಕೆರೆಯಬಾರದು, ಒದ್ದೆಬಟ್ಟೆಯನ್ನು ಕೆಲವು ನಿಮಿಷ ಅದರ ಮೇಲೆ ಹಾಸಿ, ನೆನೆಸಿ, ಮೆಲ್ಲಗೆ ಎತ್ತಬೇಕು.

ಇಷ್ಟಾದರೂ ಗೀರು ಬಿದ್ದರೆ, ವೈದ್ಯನು ಔಷಧಕ್ಕೆ ಮುಂಚೆ ಗಾಯದ ಆಳವನ್ನು ನೋಡುವಂತೆ ನಾವೂ ನೋಡಬೇಕು. ಗೀರಿನ ಮೇಲೆ ನೀರು ಸವರಿರಿ. ಒದ್ದೆಯಾಗಿರುವಾಗ ಅದು ಕಾಣದೆ ಹೋದರೆ, ಗೀರು ಮೆರುಗಿನ ಪದರದಲ್ಲಿಯೇ ನಿಂತಿದೆ ಎಂದು ತಿಳಿಯಬಹುದು. ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆಳ ಹೆಚ್ಚು. ಒಳಗೆ ಬೂದಿಬಣ್ಣ ಅಥವಾ ಬಿಳುಪು ಕಂಡರೆ ಪ್ರೈಮರಿನವರೆಗೆ ಹೋಗಿದೆ. ಲೋಹ ಮಿನುಗಿದರೆ ತಗಡಿಗೇ ತಾಗಿದೆ.

ಮೇಲುಮೇಲಿನ ಗೀರಿಗೆ ಪಾಲಿಷ್ ಸಾಕು. ಆದರೆ ಪಾಲಿಷ್ ಎಂದರೆ ಹಳ್ಳವನ್ನು ತುಂಬುವುದಲ್ಲ, ಸುತ್ತಣ ದಿಣ್ಣೆಯನ್ನು ಹಳ್ಳದ ಮಟ್ಟಕ್ಕೆ ಸವೆಸುವುದು. ಪ್ರತಿಸಲವೂ ಆ ಕೂದಲೆಳೆಯ ಪದರ ಸ್ವಲ್ಪ ತೆಳುವಾಗುತ್ತದೆ. ಹಬ್ಬ ಬಂದಾಗಲೆಲ್ಲ ಯಂತ್ರ ಹಿಡಿಸಿ ಹೊಳಪು ತರಿಸುವವರು ಹೊಳಪಿನ ಬಂಡವಾಳವನ್ನೇ ಕರಗಿಸುತ್ತಾರೆ. ಹಲ್ಲುಪುಡಿಯ ಪೇಸ್ಟನ್ನು ಉಜ್ಜುವವರಿದ್ದಾರೆ. ಅದೂ ಸವೆಸುವ ಪದಾರ್ಥವೇ, ಅಳತೆಯಿಲ್ಲದೆ ಉಜ್ಜಿದರೆ ಗಾಯದ ಮೇಲೆ ಬರೆ ಎಳೆದಂತೆ. ಮೇಣದ ಲೇಪ ಹಾಗಲ್ಲ. ಅದು ಏನನ್ನೂ ಸವೆಸದೆ ಮೇಲೆ ಕುಳಿತು, ಕೆಲವು ವಾರ ನೀರು ಕೊಳೆ ಹಿಡಿಯದಂತೆ ಕಾಯುತ್ತದೆ. ಈಚೆಗೆ ಬಂದಿರುವ ಸೆರಾಮಿಕ್ ಲೇಪವು ಹೆಚ್ಚು ಕಾಲ ಬಾಳುತ್ತದೆಯಾದರೂ, ಕೀಲಿಕೈಯ ಮೊನೆಯನ್ನೂ ಹಾರಿ ಬಂದ ಕಲ್ಲನ್ನೂ ತಡೆಯುವ ಕವಚವಲ್ಲ.

ತಗಡು ಕಂಡ ಗೀರನ್ನು ಮಾತ್ರ ನಾಳೆಗೆಂದು ಬಿಡಬಾರದು. ಕಬ್ಬಿಣಕ್ಕೆ ನೀರೂ ಗಾಳಿಯೂ ಸೇರಿದಲ್ಲಿ ತುಕ್ಕು ಹುಟ್ಟಿ, ಬಣ್ಣದ ಅಡಿಯಲ್ಲಿಯೇ ಹಬ್ಬಿ, ಗೆದ್ದಲು ತಿಂದ ತೊಲೆಯಂತೆ ಹೊರಗೆ ಕಾಣದೆ ಒಳಗೆ ಕೆಡಿಸುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯವರು ಉಪ್ಪುಗಾಳಿಯ ದೆಸೆಯಿಂದ ಇನ್ನೂ ಬೇಗ ಎಚ್ಚರಗೊಳ್ಳಬೇಕು. ಗಾಡಿಯ ಬಣ್ಣದ ಸಂಕೇತಾಂಕವು ಸಾಮಾನ್ಯವಾಗಿ ಬಾಗಿಲ ಕಂಬದಲ್ಲೋ ಬಾನೆಟ್ಟಿನ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಅದನ್ನು ಹೇಳಿ ಸಣ್ಣ ಸೀಸೆಯಲ್ಲಿ ಅದೇ ಬಣ್ಣವನ್ನು ಕೊಳ್ಳಬಹುದು. ಗೀರನ್ನು ತೊಳೆದು, ಒಣಗಿಸಿ, ತುಕ್ಕಿದ್ದರೆ ನಯವಾದ ಮರಳುಕಾಗದದಿಂದ ತೆಗೆದು, ಮೊದಲು ಪ್ರೈಮರು, ಬಳಿಕ ಬಣ್ಣ, ಕಡೆಗೆ ಮೆರುಗು ಹೀಗೆ ತೆಳುವಾಗಿ, ಒಂದೊಂದನ್ನೂ ಆರಲು ಬಿಟ್ಟು, ಗೀರಿನೊಳಗೆ ಮಾತ್ರ ಹಚ್ಚಬೇಕು. ಗುರುತು ಪೂರ್ತಿ ಅಳಿಯದಿದ್ದರೂ ತುಕ್ಕು ನಿಲ್ಲುತ್ತದೆ, ಮುಖ್ಯವಾದುದು ಅದೇ. ಈಗಿನ ಗಾಡಿಗಳ ಬಂಪರು ಪ್ಲಾಸ್ಟಿಕ್ಕಿನದಾದುದರಿಂದ ಅಲ್ಲಿಯ ಗೀರಿಗೆ ತುಕ್ಕಿನ ಭಯವಿಲ್ಲ, ಅವಸರವೂ ಇಲ್ಲ.

ಸಣ್ಣ ಗೀರಿಗೆ ವಿಮೆಯವರನ್ನು ಕೇಳುವ ಮುನ್ನ ಲೆಕ್ಕ ಹಾಕಿರಿ. ಪರಿಹಾರ ಕೇಳದೆ ಒಂದು ವರ್ಷ ಕಳೆದವರಿಗೆ ಸ್ವಂತ ಗಾಡಿಯ ಹಾನಿಯ ಕಂತಿನಲ್ಲಿ ನೂರಕ್ಕೆ 20, ಹಾಗೆಯೇ ಏರುತ್ತ ಐದು ವರ್ಷಕ್ಕೆ ನೂರಕ್ಕೆ 50ರವರೆಗೆ ರಿಯಾಯಿತಿ ದೊರೆಯುತ್ತದೆ. ಒಂದು ಬಾಗಿಲಿನ ಬಣ್ಣಕ್ಕಾಗಿ ಪರಿಹಾರ ಪಡೆದರೆ ಸಾಮಾನ್ಯವಾಗಿ ಅದು ಮತ್ತೆ ಸೊನ್ನೆಯಿಂದ ಆರಂಭವಾಗುವುದು.

ನಮ್ಮ ಮಗನು ಗಾಡಿಗೆ ಒಂದೇ ಒಂದು ಸಲ ಪಾಲಿಷ್ ಮಾಡಿಸಿ, ಬಾಗಿಲಿನ ಗೀರಿಗೆ ಸೀಸೆಯ ಬಣ್ಣವನ್ನು ತಾನೇ ಹಚ್ಚಿದನು. ನಮಗೆ ಏನೊಂದೂ ಹೇಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಗುರುತು ಈಗಲೂ ಕಾಣುತ್ತದೆ. ಆದರೆ ನಮ್ಮನ್ನು ಕಾಡುತ್ತಿದ್ದುದು ಆ ಗೀರಲ್ಲ. ಅದೇ ಸಂಜೆ ಎದುರುಮನೆಗೆ ಹೋಗಿ, ತಂದೆಯ ಮುಂದೆ ಗದರಿಸಿದ ಹುಡುಗನಿಗೆ ಆ ತಂದೆಯ ಮುಂದೆಯೇ, "ತಪ್ಪು ನನ್ನದಪ್ಪ, ಗೀಚಿದವನು ನಾನೇ" ಎಂದು ಹೇಳಿದೆವು. ತಂದೆಯು "ಅಯ್ಯೋ, ದೊಡ್ಡವರು ಹಾಗನ್ನಬಾರದು ಬುದ್ಧಿ" ಎಂದು ಸಂಕೋಚಪಟ್ಟನು. ಹುಡುಗನು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿ ಕೇಳಿದನು: "ಹಾಗಾದ್ರೆ ಚೆಂಡು ಬಿದ್ರೆ ಒಳಗೆ ಬರಬಹುದಾ ತಾತ?"

ಬರಬಹುದೆಂದೆವು. ಈಗ ಗೇಟನ್ನು ತೆರೆದಾಗಲೆಲ್ಲ ಕೊಂಡಿಗೆ ಸಿಕ್ಕಿಸುತ್ತೇವೆ. ಹಳೆಯ ಮಲ್ಲುಪಂಚೆಯು ಪುಸ್ತಕದ ಕಪಾಟನ್ನು ಒರಸುವುದಕ್ಕೆ ಉಪಯೋಗವಾಗುತ್ತಿದೆ.