ಅಪರೂಪದ ಟರ್ಬೊ ಕಾರು: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಕೃಷ್ಣರಾಜನಗರದ ಅಕ್ಕಿ ಗಿರಣಿ ಮಾಲೀಕರೊಬ್ಬರು ಕಳೆದ ತಿಂಗಳು ನಮ್ಮ ಕಚೇರಿಗೆ ಬಂದು, ಅಮೆರಿಕದಲ್ಲಿ ಮಾರಾಟಕ್ಕಿರುವ ಫಿಯಟ್ ಸ್ಪೈಡರ್ ಟರ್ಬೊ ಕಾರನ್ನು ಗಿರಣಿಯ ಹೆಸರಿನಲ್ಲಿ ತರಿಸಿದರೆ ತೆರಿಗೆ ಉಳಿಯುವುದೇ ಎಂದು ವಿಚಾರಿಸಿದರು. ಅವರಿಗೆ ನೀಡಿದ ಉತ್ತರವು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ವರ್ತಕ ಬಂಧುಗಳಿಗೂ ಉಪಯುಕ್ತವಾಗಬಹುದು.

ಮೇಲ್ಛಾವಣಿ ಮಡಚಬಹುದಾದ ಫಿಯಟ್ 124 ಸ್ಪೈಡರ್ 1966ರಲ್ಲಿ ಇಟಲಿಯಲ್ಲಿ ಬಿಡುಗಡೆಯಾಯಿತು. ಅದೇ 124 ಬಳಗದ ನಾಲ್ಕು ಬಾಗಿಲಿನ ಕಾರಿನ ಮೈಕಟ್ಟಿಗೆ ನಿಸ್ಸಾನ್ ಎಂಜಿನ್ ಜೋಡಿಸಿ 1985ರಲ್ಲಿ ನಮ್ಮ ದೇಶದಲ್ಲಿ ಹೊರತಂದದ್ದೇ ಪ್ರೀಮಿಯರ್ 118 ಎನ್‌ಇ. ಎಂಜಿನ್ನಿನ ಹೊಗೆಯ ಒತ್ತಡದಿಂದಲೇ ಚಕ್ರ ತಿರುಗಿಸಿ, ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನವೇ ಟರ್ಬೊ. ಅಮೆರಿಕದ ಗ್ರಾಹಕರಿಗಾಗಿ ನ್ಯೂಯಾರ್ಕಿನ ಲೆಜೆಂಡ್ ಇಂಡಸ್ಟ್ರೀಸ್ 1981-82ರ ಸುಮಾರಿಗೆ ಇದನ್ನು ಅಳವಡಿಸಿದ ಸ್ಪೈಡರುಗಳು ಕೆಲವು ನೂರು ಮಾತ್ರ. ಸಾಮಾನ್ಯ ಸ್ಪೈಡರಿಗೂ ಅನಂತರ ಟರ್ಬೊ ಕೂಡಿಸಬಹುದಾದ್ದರಿಂದ, ಹೆಚ್ಚುವರಿ ಬೆಲೆಗೆ ಆಧಾರ ಕಾರಿನ ಮೂಲ ದಾಖಲೆಗಳೇ ಹೊರತು ಮಾರುವವರ ಮಾತಲ್ಲ.

ಮೊದಲನೆಯದು ಆಮದಿನ ವಿಚಾರ. ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು ಎಂಬುದು ಸಾಮಾನ್ಯ ನಿಯಮ. ಐವತ್ತು ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ 2025ರಲ್ಲಿ ಆಮದಿಗೆ ಅವಕಾಶ ದೊರೆತಿದೆ. 1981ರ ಕಾರು ಆ ವಯಸ್ಸು ಮುಟ್ಟುವುದು 2031ಕ್ಕೆ. 2021ರ ನಿಯಮಗಳಂತೆ ವಿಂಟೇಜ್ ನೋಂದಣಿಗೆ ಶುಲ್ಕ ರೂ. 20,000, ಅವಧಿ ಹತ್ತು ವರ್ಷ. ವಾಹನವು ಮೂಲ ಸ್ವರೂಪದಲ್ಲಿರಬೇಕು. ಪ್ರದರ್ಶನ, ರ್‍ಯಾಲಿಗಳಿಗೆ ಬಳಸಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅಲ್ಲ.

ಎರಡನೆಯದು ತೆರಿಗೆ. ಶೇ. 15ರ ಸವಕಳಿ ದೊರೆಯುವುದು ವ್ಯವಹಾರಕ್ಕೆ ಬಳಸಿದ ಕಾರಿಗೆ. ವ್ಯವಹಾರಕ್ಕೆ ಬಳಸಲಾಗದ ಕಾರನ್ನು ಗಿರಣಿಯ ಆಸ್ತಿಪಟ್ಟಿಯಲ್ಲಿ ತೋರಿಸಿ ಪ್ರಯೋಜನವಿಲ್ಲ, ಜಿ.ಎಸ್.ಟಿ. ಹೂಡುವಳಿ ಜಮೆಯೂ ಸಿಗದು. ಸ್ವಂತ ಹೆಸರಿನಲ್ಲಿ, ಸ್ವಂತ ಬಳಕೆಗೆ ಇಟ್ಟುಕೊಂಡರೆ ಅದು ವೈಯಕ್ತಿಕ ವಸ್ತು. ಮುಂದೆ ಲಾಭಕ್ಕೆ ಮಾರಿದರೂ ಬಂಡವಾಳ ಲಾಭದ ತೆರಿಗೆಯಿಲ್ಲ; ನಷ್ಟವಾದರೆ ಅದನ್ನು ಹೊಂದಿಸಿಕೊಳ್ಳುವಂತೆಯೂ ಇಲ್ಲ.

ಕೊನೆಯದೇ ಮುಖ್ಯವಾದದ್ದು. ಕಾರಿನ ಹಣವನ್ನು ಅವರು ಗಿರಣಿಯ ಓ.ಡಿ. ಖಾತೆಯಿಂದ ತೆಗೆಯಲಿದ್ದರು. ಭತ್ತ ಮಾರುಕಟ್ಟೆಗೆ ಬರುವ ವೇಳೆಗೆ ಆ ಮಿತಿ ಬರಿದಾಗಿದ್ದರೆ ಖರೀದಿ ನಿಲ್ಲುತ್ತದೆ, ಗಿರಣಿಯೂ ನಿಲ್ಲುತ್ತದೆ. ಸ್ವಂತ ಬಳಕೆಗೆ ತೆಗೆದ ಹಣದ ಬಡ್ಡಿಯನ್ನು ವ್ಯವಹಾರದ ಖರ್ಚೆಂದು ತೋರಿಸಲೂ ಆಗದು. ತಂಬಾಕು ಹರಾಜಿನ ಹಣ ಕೈಸೇರಿದಾಗ ಇಂಥ ಆಸೆ ಹುಟ್ಟುವ ಹುಣಸೂರು, ಪಿರಿಯಾಪಟ್ಟಣದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹವ್ಯಾಸ ತಪ್ಪಲ್ಲ, ಅದರ ಹಣ ವ್ಯವಹಾರದ ದುಡಿಮೆ ಬಂಡವಾಳದಿಂದ ಬರಬಾರದು, ತೆರಿಗೆ ಕಟ್ಟಿ ಉಳಿದ ಸ್ವಂತ ಲಾಭದಿಂದ ಬರಬೇಕು. ನಮ್ಮ ಸ್ನೇಹಿತರು 2031ರವರೆಗೆ ಕಾಯಲು ಒಪ್ಪಿ, ಪ್ರತ್ಯೇಕ ಉಳಿತಾಯ ಖಾತೆಯೊಂದನ್ನು ತೆರೆದಿದ್ದಾರೆ. ಅಲ್ಲಿಯವರೆಗೆ, ಗಿರಣಿಯ ಶೆಡ್ಡಿನಲ್ಲಿ ನಿಂತಿರುವ ತಂದೆಯವರ 118 ಎನ್‌ಇಯನ್ನು ರಿಪೇರಿ ಮಾಡಿಸಿ, ನೋಂದಣಿ ನವೀಕರಿಸುವುದಾಗಿ ಹೇಳಿ ಹೋದರು.